ಗಿರಿನಗರದ ಸೋಫಾದಲ್ಲಿ ನೇಪಾಳ

ನೇಪಾಳದಲ್ಲಿ ಸರ್ಕಾರ ಬಿದ್ದ ವಾರ ನಾನು ಸುಬ್ರಹ್ಮಣ್ಯಪುರದಲ್ಲಿದ್ದೆ. ನನ್ನ ಜೊತೆ ಎಂ.ಎಸ್ಸಿ. ಓದುತ್ತಿದ್ದ ಗೆಳತಿಯ ಊರು ಕಠ್ಮಂಡು. ಓದಿಗಾಗಿ ದೇಶ ಬಿಟ್ಟು ಬಂದು, ಇಲ್ಲಿ ಮೂರನೇ ಮಹಡಿಯ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಳು. ಅವಳ ಅಕ್ಕ ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಬೀದಿಯಲ್ಲಿ ಗುಂಡು ಹಾರಿದ ದಿನ ಡ್ಯೂಟಿಗೆ ಹೋದವಳು ಆಮೇಲೆ ಫೋನಿಗೆ ಸಿಕ್ಕಿರಲಿಲ್ಲ. ವಿಷಯ ತಿಳಿದ ಕೂಡಲೇ ನಾನು ಎರಡು ಜೊತೆ ಬಟ್ಟೆ ಹಿಡಿದು ಅವಳ ಕೋಣೆಗೆ ಹೋದೆ.

ಅವಳು ಅಳುತ್ತಿರಲಿಲ್ಲ. ಚಾರ್ಜರಿಗೆ ಸಿಕ್ಕಿಸಿದ ಫೋನಿನ ಪಕ್ಕ ನೆಲದ ಮೇಲೆ ಕೂತು ಲ್ಯಾಬ್ ರೆಕಾರ್ಡ್ ಬರೆಯುತ್ತಿದ್ದಳು. ಒಂದು ಪುಟ ಮುಗಿದರೆ ಅಕ್ಕನ ನಂಬರಿಗೆ ಒಂದು ಸಲ ಪ್ರಯತ್ನ, ಮತ್ತೆ ಇನ್ನೊಂದು ಪುಟ.

ಮನೆ ಮಾಲೀಕರು ಮೆಟ್ಟಿಲು ಹತ್ತಿ ಬಂದರು. ಹಿಂದೆ ಅದೇ ನೆಲದಲ್ಲಿ ರಾಗಿ ಬೆಳೆಯುತ್ತಿದ್ದವರು, ಈಗ ಮೂರು ಕಟ್ಟಡಗಳ ಒಡೆಯರು. ಮೊಬೈಲಿನಲ್ಲಿ ಹೊತ್ತಿ ಉರಿಯುವ ಕಟ್ಟಡ ತೋರಿಸಿ, "ಇದು ನಿಮ್ಮನೆ ಹತ್ರಾನೇನಮ್ಮಾ?" ಎಂದರು.

"ಅಲ್ಲ ಅಂಕಲ್, ತುಂಬಾ ದೂರ."

ಅವರ ಮುಖ ಸಪ್ಪಗಾಯಿತು. ಬೆಂಕಿ ಇನ್ನೊಂದಿಷ್ಟು ಹತ್ತಿರ ಹೊತ್ತಿಕೊಂಡಿದ್ದರೆ ಮೆಟ್ಟಿಲು ಹತ್ತಿ ಬಂದದ್ದು ಸಾರ್ಥಕವಾಗುತ್ತಿತ್ತೇನೋ.

ಮೂರನೇ ದಿನ ನನ್ನ ಭಾವನ ಫೋನ್ ಬಂತು. ನಾನು ಗಿರಿನಗರದಲ್ಲಿ ಅಕ್ಕ, ಭಾವನ ಮನೆಯಲ್ಲೇ ಇದ್ದು ಓದುತ್ತಿದ್ದೆ. ಭಾವನಿಗೆ ಟೈಲ್ಸ್ ವ್ಯಾಪಾರ, ಸಂಜೆಯಾದರೆ ಟಿವಿಯ ಚರ್ಚೆ. "ಆ ಹುಡುಗೀನ ಇವತ್ತು ತಿಂಡಿಗೆ ಕರ್ಕೊಂಡ್ ಬಾ. ಪಾಪ, ಒಬ್ಳೇ ಇದಾಳೆ" ಎಂದರು. ನಾನು ನಂಬಿದೆ. ಬರಲ್ಲ ಎಂದವಳನ್ನು ಒತ್ತಾಯ ಮಾಡಿ ಕರೆದುಕೊಂಡು ಹೋದೆ.

ಬಾಗಿಲು ತೆರೆದರೆ ಸೋಫಾ ತುಂಬ ಭಾವನ ವಾಕಿಂಗ್ ಗೆಳೆಯರು. ನಾಲ್ಕು ಜನ, ಇಸ್ತ್ರಿ ಹಾಕಿದ ಅಂಗಿ, ಮುಂದೆ ಬೋಂಡ. ಅವಳಿಗೆಂದು ಎದುರಿಗೆ ಒಂದು ಕುರ್ಚಿ ಹಾಕಿ ಇಟ್ಟಿದ್ದರು.

"ಇವಳೇ ನೋಡಿ, ಅಲ್ಲಿಯವಳೇ!" ಎಂದು ಭಾವ ಪರಿಚಯಿಸಿದರು. ಹೊಸ ಡಿಸೈನಿನ ಟೈಲ್ಸ್ ತೋರಿಸುವಾಗಲೂ ಅವರಿಗೆ ಅದೇ ದನಿ.

"ಇದರ ಹಿಂದೆ ಯಾರಿದಾರಮ್ಮ? ಅಮೆರಿಕಾನಾ, ಚೀನಾನಾ?" ಎಂದು ಒಬ್ಬರು ಕೇಳಿದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬರು ಅಮೆರಿಕ ಎಂದರು, ಮತ್ತೊಬ್ಬರು ಚೀನಾ ಎಂದರು. ಅವರವರಲ್ಲೇ ಜಗಳ ಹತ್ತಿಕೊಂಡಿತು. ಒಬ್ಬರೂ ನೇಪಾಳಕ್ಕೆ ಹೋದವರಲ್ಲ. ನಾಲ್ಕನೆಯವರು ಪಶುಪತಿನಾಥನ ದರ್ಶನಕ್ಕೆ ಮಾಡಿಸಿದ್ದ ಟಿಕೆಟ್ ರದ್ದಾದ ಕಥೆ ತೆಗೆದರು. ಇಡೀ ದಂಗೆಯಲ್ಲಿ ಅವರಿಗೆ ಕಂಡ ದುರಂತ ಅದೊಂದೇ.

ನಾನೇನು ಮಾಡಿದೆ? ಕಾಫಿ ಹಂಚಿದೆ. ಭಾವನ ಒಂದು ಜೋಕಿಗೆ ನಕ್ಕೆ ಕೂಡ.

ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಗೊತ್ತಿಲ್ಲದ ನಂಬರು. ಎತ್ತಿದವಳು ನೇಪಾಳಿಯಲ್ಲಿ ಎರಡು ಮಾತಾಡಿ, ಗೋಡೆಯ ಕಡೆ ತಿರುಗಿ ಬಿಕ್ಕಿ ಬಿಕ್ಕಿ ಅತ್ತಳು. ಆ ಕಡೆ ಇದ್ದದ್ದು ಅವಳ ಅಕ್ಕ. ನೂಕುನುಗ್ಗಲಲ್ಲಿ ಫೋನ್ ಕಳೆದುಕೊಂಡು, ಗಾಯಾಳುಗಳ ವಾರ್ಡು ಬಿಟ್ಟು ಹೊರಗೆ ಬರಲಾಗದೆ, ಈಗ ಯಾರದೋ ಮೊಬೈಲಿನಿಂದ ಮಾತಾಡುತ್ತಿದ್ದಳು.

ಗೆಳತಿ ಫೋನ್ ಇಟ್ಟ ತಕ್ಷಣ, ಚೀನಾ ಎಂದಿದ್ದವರು ಮುಂದೆ ಬಾಗಿ, "ಏನಂತೆ? ಪಾರ್ಲಿಮೆಂಟು ಪೂರ್ತಿ ಸುಟ್ಟೋಯ್ತಂತಾ?" ಎಂದರು.

"ನಮ್ಮಕ್ಕ ಚೆನ್ನಾಗಿದಾಳಂತೆ" ಎಂದಳು ಅವಳು.

"ಹೌದಾ, ಒಳ್ಳೇದು" ಎಂದು ಅವರು ಬೋಂಡ ಚಟ್ನಿಗೆ ಅದ್ದಿದರು. ನಂತರ ಟಿಕೆಟ್ಟಿನವರಿಗೆ ಏನೋ ನೆನಪಾಯಿತು. "ಅಂದ್ಹಾಗೆ ನಮ್ಮ ಅಪಾರ್ಟ್‌ಮೆಂಟಿಗೆ ಒಬ್ಬ ವಾಚ್‌ಮನ್ ಬೇಕಾಗಿತ್ತಮ್ಮ. ನಿಮ್ಮ ಕಡೆಯವರು ಯಾರಾದ್ರೂ ಇದ್ರೆ ಹೇಳು. ನಂಬಿಕಸ್ಥರು ನೀವು."

ಅವಳು ಕಣ್ಣೊರೆಸಿಕೊಂಡು, ಮಾರ್ಕೆಟ್ಟಿನಲ್ಲಿ ಕಲಿತ ಕನ್ನಡದಲ್ಲಿ ನಿಧಾನವಾಗಿ ಹೇಳಿದಳು: "ಅಂಕಲ್, ನಾನು ಫುಡ್ ಸೈನ್ಸ್ ಓದ್ತಾ ಇದೀನಿ. ಮೊಸರು ಕೆಟ್ಟಿದ್ರೆ ಯಾಕೆ ಅಂತ ಹೇಳ್ತೀನಿ. ವಾಚ್‌ಮನ್ ಗೊತ್ತಿಲ್ಲ."

ಎಲ್ಲರೂ ಜೋರಾಗಿ ನಕ್ಕರು. ಮಾತು ನಾಟಿದ್ದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನ ಅಕ್ಕನಿಗೆ ಮಾತ್ರ. ಅವಳು ತಲೆ ತಗ್ಗಿಸಿ ಒಳಗೆ ಹೋದಳು.

ಆಟೋದಲ್ಲಿ ಗೆಳತಿ ಕೇಳಿದಳು: "ನನ್ನ ಅಕ್ಕನ ವಿಷಯ ನಿನ್ನ ಭಾವಂಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ನಾನೇ ಹೇಳಿದ್ದೆ."

ಆಮೇಲೆ ಅವಳು ಓದು ಮುಗಿಸಿ ಊರಿಗೆ ಹೋಗುವವರೆಗೂ ನಮ್ಮ ಮನೆಗೆ ಕಾಲಿಡಲಿಲ್ಲ. ನಾನೂ ಕರೆಯಲಿಲ್ಲ. ಭಾವ ಮಾತ್ರ ಇವತ್ತಿಗೂ ಮದುವೆ ಮನೆಗಳಲ್ಲಿ ನೇಪಾಳದ ಮಾತು ಬಂದರೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. "ಟಿವಿಯವರನ್ನ ನಂಬಬೇಡಿ. ನನಗೆ ಡೈರೆಕ್ಟ್ ಮಾಹಿತಿ ಇದೆ" ಎನ್ನುತ್ತಾರೆ. ಅವಳ ಹೆಸರು ಅವರಿಗೆ ಗೊತ್ತಿಲ್ಲ.