ತಿಳಿಯಾದ ನೀಲಿ ನೀರು

ಸೇಡಂನ ಕಾಲೇಜೊಂದರ ರಸಾಯನ ಪ್ರಯೋಗಾಲಯದಲ್ಲಿ ಯಂಕಮ್ಮ ಹನ್ನೊಂದು ವರ್ಷದಿಂದ ಗಾಜಿನ ಸಾಮಾನು ತೊಳೆಯುತ್ತಿದ್ದಳು. ಗುಂಡಗುರ್ತಿಯಲ್ಲಿ ಅವಳ ಅಪ್ಪ ಕಮ್ಮಾರರಿಗೆ ಇದ್ದಿಲು ಸುಟ್ಟುಕೊಡುತ್ತಿದ್ದ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟ ಅವಳು ಚೆನ್ನಾಗಿ ಕಲಿತದ್ದು ಇದ್ದಿಲು ಸುಡುವ ಆ ಕೆಲಸವನ್ನೇ.

ಈ ವರ್ಷ ರಸಾಯನ ಕಲಿಸುವ ಶೈಲಶ್ರೀ ಮೇಡಂ, ಕಾಳು ಒಕ್ಕಿ ರಾಶಿಯಾದ ಮೇಲೆ ಹೊಲದಲ್ಲಿ ಉಳಿಯುವ ತೊಗರಿ ಕಟ್ಟಿಗೆಯಿಂದ, ಬಟ್ಟೆಬಣ್ಣ ಬೆರೆತ ನೀರನ್ನು ತಿಳಿಮಾಡುವ ಇದ್ದಿಲು ತಯಾರಿಸಲು ಹೊರಟಿದ್ದರು. ಕಟ್ಟಿಗೆಯ ಚೂರನ್ನು ಆಮ್ಲದಲ್ಲಿ ನೆನೆಸಿ, ಒಣಗಿಸಿ, ಮುಚ್ಚಳದ ಪಾತ್ರೆಯಲ್ಲಿ ತುಂಬಿ ಕುಲುಮೆಯಲ್ಲಿ ಸುಟ್ಟರೆ ಇದ್ದಿಲಿನ ಮೈತುಂಬ ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಬಣ್ಣ ಅವುಗಳೊಳಗೆ ಸಿಕ್ಕಿಕೊಳ್ಳುತ್ತದೆ. ಆದರೆ ಮೂರು ಸಲ ಸುಟ್ಟರೂ ಸಿಕ್ಕಿದ್ದು ಬರೀ ಬೂದಿ.

ಯಂಕಮ್ಮನಿಗೆ ತಡೆಯಲಾಗಲಿಲ್ಲ. "ಸಿಟ್ಟಾಗಬ್ಯಾಡ್ರಿ ಮೇಡಂ. ಮುಚ್ಚಳದ ಸಂದಿನ್ಯಾಗ ಗಾಳಿ ಒಳಗ ಹೊಂಟದ. ಸುತ್ತ ಮಣ್ಣು ಮೆತ್ತಿ, ಹೊಗಿ ಹೋಗ್ಲಿಕ್ಕ ಸೂಜಿಯಷ್ಟು ತೂತು ಬಿಡ್ರಿ."

"ಹಂಗಾರ ನೀವೇ ಮೆತ್ರಿ, ಯಂಕಮ್ಮ."

ಮರುದಿನ ಮುಚ್ಚಳ ತೆಗೆದರೆ ಒಳಗೆ ಕರ್ರಗೆ ಮಿರುಗುವ ಇದ್ದಿಲು! ಅದನ್ನು ಆಮ್ಲ ಹೋಗುವವರೆಗೆ ತೊಳೆದು, ಒಣಗಿಸಿ, ಪುಡಿಮಾಡಿ, ಗಾಢ ನೀಲಿ ನೀರಿಗೆ ಹಾಕಿದರು. ಯಂಕಮ್ಮ ರಟ್ಟೆ ಸೋಲುವಷ್ಟು ಹೊತ್ತು ಶೀಸೆ ಕುಲುಕಿದಳು. ಸೋಸುವ ಕಾಗದದಿಂದ ಮೊದಲ ಹನಿ ಬಿತ್ತು, ಬಣ್ಣವೇ ಇಲ್ಲ.

"ನೀಲಿ ಎಲ್ಲಿ ಹೋತ್ರಿ?" ಎಂದು ಕೂಗಿದಳು.

"ನಿಮ್ಮ ಇದ್ದಿಲಿನ ಹೊಟ್ಟ್ಯಾಗ!" ಮೇಡಂ ನಗುತ್ತ ಅವಳನ್ನು ಅಪ್ಪಿಕೊಂಡರು.

ಯಂಕಮ್ಮ ಸೋಸಿದ ತಿಳಿನೀರಿನ ಶೀಸೆ ಹಿಡಿದು ಗೇಟಿನವರೆಗೂ ಓಡಿದಳು. ಕಾವಲುಗಾರ ದೇವಿಂದ್ರಪ್ಪ ನೀರು ತಂದಳೆಂದು ಕೈಚಾಚಿದ.

"ಕುಡಿಲಿಕ್ಕಲ್ಲೋ ಅಣ್ಣಾ, ನೋಡ್ಲಿಕ್ಕ!" ಎಂದು ಶೀಸೆಯನ್ನು ಬಿಸಿಲಿಗೆ ಎತ್ತಿ ಹಿಡಿದಳು.