ಗೋಡೆಯ ಮೇಲೆ ತಲೆಕೆಳಗಾದ ಅಕ್ಕ

ಮಕ್ಕಳೇ, ಕೇಳಿದಿರಾ? ನನ್ನ ಹಿರಿಯ ಮೊಮ್ಮಗಳು ಸಿನಿಮಾ ಕಾಲೇಜಿನಲ್ಲಿ ಕ್ಯಾಮೆರಾ ಕಲಿಸುವ ಮೇಡಂ ಆದಳು! ಇವತ್ತು ಬೆಳಿಗ್ಗೆ ಅವಳು ಬಂದು ಹೇಳಿದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನಾನು ಓದಿದ್ದು ಅಷ್ಟಕ್ಕಷ್ಟೆ. ಆದರೆ ಈ ಮನೆಯಲ್ಲಿ ಕ್ಯಾಮೆರಾದ ಮೊದಲ ಪಾಠ ಕಲಿತವನು ನಾನೇ. ಅದೂ ಗಡಗಡ ನಡುಗುತ್ತಾ!

ನಾನು ಚಿಕ್ಕವನಿದ್ದಾಗ, ಬ್ರಿಟಿಷರ ಕಾಲದಲ್ಲಿ, ನಾವು ಮಲ್ಲಂದೂರಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ, ಕೂಲಿಯವರ ಲೈನ್ ಮನೆಯಲ್ಲಿದ್ದೆವು. ಒಂದು ದಿನ ದೊರೆಗಳ ಕಾರಿನಿಂದ ಚೀನಾ ದೇಶದವರೊಬ್ಬರು ಇಳಿದರು. ಜೊತೆಗೆ ಮೂರು ಕಾಲಿನ ಸ್ಟ್ಯಾಂಡು, ಒಂದು ಕರಿ ಪೆಟ್ಟಿಗೆ. ಕಾಫಿ ಕೆಲಸದ ಸಿನಿಮಾ ತೆಗೆಯುತ್ತಾರಂತೆ ಎಂದರು ಎಸ್ಟೇಟಿನ ಲೆಕ್ಕ ಬರೆಯುವ ರೈಟರು. ಮೇಸ್ತ್ರಿ ಮಾತ್ರ ನನ್ನ ಕಿವಿ ಹಿಂಡಿ, "ಹತ್ರ ಹೋಗ್ಬೇಡ ಮಾರಾಯ! ಆ ಪೆಟ್ಟಿಗೆ ಪ್ರಾಣನೇ ಎಳ್ಕೊಳ್ಳುತ್ತೆ. ಆಮೇಲೆ ಉಳಿಯೋದು ಕಾಫಿ ಹಣ್ಣಿನ ಸಿಪ್ಪೆ ಥರ ಬರೀ ಚರ್ಮ!" ಎಂದರು.

ಕಣದಲ್ಲಿ ಅಕ್ಕ ಕೆಂಪು ಲಂಗ ಉಟ್ಟು ಕಾಫಿ ಬೀಜ ಹರವುತ್ತಿದ್ದಳು. ಪೆಟ್ಟಿಗೆ ಅವಳ ಕಡೆಗೇ ತಿರುಗಿತು. ಚೀನಾದವರು ಹಿಡಿ ತಿರುಗಿಸಿದರು. ಗರಗರ ಸದ್ದು. "ಅಕ್ಕಾ, ಓಡು!" ಎಂದು ಕೂಗಬೇಕಾದವನು ನಾನೇ ಓಡಿದೆ. ಎದುರಿನ ಗೋಡೌನಿಗೆ ನುಗ್ಗಿ ಬಾಗಿಲು ಹಾಕಿಕೊಂಡೆ.

ಒಳಗೆ ಕಗ್ಗತ್ತಲೆ, ಗೋಣಿಚೀಲದ ಘಾಟು. ಸ್ವಲ್ಪ ಹೊತ್ತಿಗೆ ಸುಣ್ಣದ ಗೋಡೆಯ ಮೇಲೆ ಏನೋ ಅಲುಗಾಡಿತು. ಕೆಂಪು ಲಂಗ! ಅಕ್ಕ ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡುತ್ತಿದ್ದಳು. ಕಾಲು ಮೇಲೆ, ಜಡೆ ಕೆಳಗೆ. ಮುಗಿಯಿತು, ಅವಳ ಪ್ರಾಣ ಎಳೆದೇಬಿಟ್ಟರು! ಕಿಟಾರನೆ ಕಿರುಚಿದೆ. ಬಾಗಿಲು ತೆರೆಯಿತು. ಬಿಸಿಲು ನುಗ್ಗಿದ್ದೇ ತಡ, ಗೋಡೆಯ ಮೇಲಿದ್ದ ಅಕ್ಕನೂ ಮಾಯ. ಬಾಗಿಲಲ್ಲಿ ಅದೇ ಚೀನಾದವರು. ನನ್ನ ಚಡ್ಡಿ ಒದ್ದೆಯಾಯಿತು.

ಅವರ ಹಿಂದೆ ಅಪ್ಪ, ರೈಟರು ಓಡಿಬಂದರು. ನಾನು ಗೋಡೆ ತೋರಿಸಿ ಅತ್ತೆ. ಚೀನಾದವರಿಗೆ ಅರ್ಥವಾಯಿತು. ಅಪ್ಪನನ್ನು ಹೊರಗೆ ಕಳಿಸಿ, ಬಾಗಿಲು ಮುಚ್ಚಿ, ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. ಗೋಡೆಯ ಮೇಲೆ ಅಪ್ಪ ತಲೆಕೆಳಗಾಗಿ ರುಮಾಲು ಬೀಸಿದರು. ಚೀನಾದವರು ಬಾಗಿಲಿನ ಮೊಳೆತೂತಿಗೆ ಬೆರಳಿಟ್ಟರು, ಅಪ್ಪ ಇಲ್ಲ. ಬೆರಳು ತೆಗೆದರು, ಅಪ್ಪ ಬಂದರು. ಅವರ ಇಂಗ್ಲಿಷನ್ನು ರೈಟರು ಕನ್ನಡ ಮಾಡಿದರು: "ಇವರ ಪೆಟ್ಟಿಗೆನೂ ಇಷ್ಟೇ ಅಂತೆ ಕಣೋ. ಕತ್ತಲೆ ಕೋಣೆ, ಒಂದು ತೂತು. ಒಳಗೆ ಬರೋದು ಬೆಳಕು ಮಾತ್ರ. ಮನುಷ್ಯರು ಹೊರಗೇ ಇರ್ತಾರಂತೆ."

ತಮ್ಮ ದೇಶದ ಸಿನಿಮಾ ಸ್ಟುಡಿಯೋದಲ್ಲಿ ದೀಪ ಹಿಡಿಯುತ್ತಾ ಕೆಲಸ ಕಲಿತವರಂತೆ ಅವರು. ಜಪಾನಿನವರ ಯುದ್ಧ ಬಂದು ಊರು ಬಿಟ್ಟು, ಕಲ್ಕತ್ತೆ ಸೇರಿ, ಕ್ಯಾಮೆರಾದಿಂದಲೇ ಅನ್ನ ಕಂಡವರು. ಯುದ್ಧ ಮುಗಿದ ಮೇಲೆ ತಮ್ಮ ದೇಶದಲ್ಲಿ ಸಿನಿಮಾ ಕಲಿಸುವ ಮೇಷ್ಟ್ರಾದರೆಂದು ರೈಟರು ಮುಂದೊಮ್ಮೆ ಹೇಳಿದರು. ಆ ದಿನ ಮಾತ್ರ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಅಕ್ಕನ ಕೈ ಬೆಚ್ಚಗಿದೆಯೇ ಎಂದು ಸಂಜೆಯವರೆಗೂ ಮುಟ್ಟಿ ಮುಟ್ಟಿ ನೋಡಿದೆ.

ಈಗ ನಿಮ್ಮೆಲ್ಲರ ಕೈಯಲ್ಲೂ ಆ ಪೆಟ್ಟಿಗೆ ಇದೆ. ಯಾರಿಗೂ ಹೆದರಿಕೆಯಿಲ್ಲ, ನಾಚಿಕೆಯೂ ಇಲ್ಲ! ಇವತ್ತು ಸಂಜೆ ಮನೆಯವರೆಲ್ಲ ಸಾಲಾಗಿ ಕೂತು ಕಡುಬು, ಕೋಳಿಸಾರು ಉಂಡೆವು. ಮೊಮ್ಮಗಳು ಫೋಟೋ ತೆಗೆಯಲು ಫೋನು ಎತ್ತಿದಳು. ನನಗೇ ಗೊತ್ತಿಲ್ಲದೆ ಪಕ್ಕದಲ್ಲಿದ್ದ ಅಕ್ಕನ ಕೈ ಹಿಡಿದುಕೊಂಡೆ. ತೊಂಬತ್ತು ದಾಟಿದ ಅಕ್ಕ ಬೊಚ್ಚುಬಾಯಿ ಬಿಟ್ಟು ನಕ್ಕಳು.

"ಇನ್ನೂ ಹೆದರ್ತೀಯೇನೋ? ಎಲ್ಲೂ ಹೋಗಿಲ್ಲ ಮಾರಾಯ, ಇಲ್ಲೇ ಇದೀನಿ. ಕೈ ಬಿಡು, ಇನ್ನೊಂದು ಕಡುಬು ತಿನ್ಬೇಕು."