ಎಡಗಡೆಯ ಸೀಟು

ದೊಡ್ಡ ವಿಮಾನ ಕಂಪನಿಯಿಂದ ಮಗಳಿಗೆ ಕೆಲಸದ ಪತ್ರ ಬಂದ ದಿನ ನಮ್ಮ ಭಾವ ನೆಲದ ಮೇಲೆ ನಿಲ್ಲಲಿಲ್ಲ. ಮೂವತ್ತೊಂದು ವರ್ಷ ಸಿಟಿ ಬಸ್ ಓಡಿಸಿ ನಿವೃತ್ತರಾದವರು ಅವರು. ಬೆಳಗಾಗುವುದೇ ತಡ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೋಗಿ, ಕೇಳಿದವರಿಗೂ ಕೇಳದವರಿಗೂ ಸುದ್ದಿ ಮುಟ್ಟಿಸಿ ಬಂದರು. ಅವರ ಮಗಳು ಮಾತ್ರ ಊಟದ ಮೇಜಿನ ಮುಂದೆ ಕೂತು ಆ ಪತ್ರವನ್ನು ಮೂರನೆಯ ಸಲ ಓದುತ್ತಿದ್ದಳು. ಮುಖದಲ್ಲಿ ನಗುವಿತ್ತು, ಆದರೆ ಅರ್ಧ.

ನಾನು ಅವಳ ಸೋದರಮಾವ. ವಾಚ್ ರಿಪೇರಿ ನನ್ನ ಕಸುಬು. ವಿಮಾನದ ವಿಷಯದಲ್ಲಿ ನನಗೆ ಗೊತ್ತಿರುವುದೆಲ್ಲ ಅವಳು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿದ್ದು.

ಅವಳು ಮೊದಲು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಮದುವೆಯಾಗಿ ವರ್ಷ ತುಂಬುವುದರೊಳಗೆ, ಪೈಲಟ್ ಆಗುತ್ತೇನೆಂದು ಹೇಳಿದಾಗ ಮನೆಯವರು ಅವಳ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡುವುದೊಂದೇ ಬಾಕಿ. ಅವಳ ಗಂಡನದು ಔಷಧದಂಗಡಿ. ಮಾತ್ರೆ ಎಣಿಸಿ ಕೊಟ್ಟಂತೆ ಮಾತನ್ನೂ ಎಣಿಸಿ ಆಡುವವನು. ಅವನೊಬ್ಬನೇ "ಯಾವಾಗಿಂದ ಶುರು?" ಎಂದು ಕೇಳಿದವನು.

ಮೂರು ವರ್ಷ ಕಲಿತು ಲೈಸೆನ್ಸ್ ಪಡೆದಳು. ದೊಡ್ಡ ಕಂಪನಿಯವರು ಅರ್ಜಿಯನ್ನೇ ವಾಪಸ್ ಕಳಿಸಿದರು. ಹೊಸಬರಿಗೆ ಅವರಿಟ್ಟಿದ್ದ ವಯಸ್ಸು ಇವಳಿಗೆ ದಾಟಿಹೋಗಿತ್ತು. ಕರೆದು ಕೆಲಸ ಕೊಟ್ಟದ್ದು ಅಗ್ಗದ ಟಿಕೆಟ್ಟಿನ ಸಣ್ಣ ಕಂಪನಿ. ಅಲ್ಲಿ ವಿಮಾನ ಇಳಿದ ಅರ್ಧ ಗಂಟೆಯೊಳಗೆ ಮತ್ತೆ ಹಾರಬೇಕು. ಆ ಅರ್ಧ ಗಂಟೆಯಲ್ಲೇ ಕಾಗದಪತ್ರ, ಇಂಧನದ ಲೆಕ್ಕ, ಮನೆಯಿಂದ ತಂದ ಡಬ್ಬಿಯಲ್ಲಿ ನಾಲ್ಕು ತುತ್ತು. ದಿನಕ್ಕೆ ನಾಲ್ಕು ಸಲ ಏರುವುದು, ನಾಲ್ಕು ಸಲ ಇಳಿಯುವುದು. ಸಂಜೆಗೆ ಮನೆ. ಏನು ಹೇಳಿದರೂ ಕೊನೆಗೆ "ಅರ್ಥ ಆಯ್ತಾ?" ಎಂದು ಕೇಳುವ ಚಾಳಿ ಅವಳಿಗೆ ಉಳಿದುಹೋಗಿದ್ದರಿಂದ ಅಲ್ಲಿ ಎಲ್ಲರೂ ಅವಳನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಏಳು ವರ್ಷ ಬಲಗಡೆಯ ಸೀಟಿನಲ್ಲಿ ಕೂತಳು. ಎಡಗಡೆಯದು ಕ್ಯಾಪ್ಟನ್ನರ ಸೀಟು.

ಈಗ ಒಮ್ಮೆ ಬೇಡವೆಂದವರೇ, ಅನುಭವಸ್ಥರು ಬೇಕೆಂದು, ಪರೀಕ್ಷೆ ಮಾಡಿ ಆರಿಸಿ ಕರೆದಿದ್ದರು. ಸಂಬಳ ಹೆಚ್ಚು, ಹೆಸರು ದೊಡ್ಡದು, ಸಮುದ್ರ ದಾಟುವ ವಿಮಾನಗಳು. ಒಂದೇ ಒಂದು ತೊಡಕು. ಅಲ್ಲಿ ಬಡ್ತಿಯೆಲ್ಲ ಕೆಲಸಕ್ಕೆ ಸೇರಿದ ದಿನಾಂಕದ ಸಾಲಿನ ಮೇಲೆ ನಡೆಯುತ್ತದೆ, ಇವಳು ಆ ಸಾಲಿನ ಬಾಲಕ್ಕೆ ಹೋಗಿ ನಿಲ್ಲಬೇಕು.

ಮರುದಿನ ಅಂಗಡಿಗೆ ಬಂದಳು. ನಾನೊಂದು ಹಳೆಯ ಕೈಗಡಿಯಾರ ಬಿಚ್ಚಿಟ್ಟುಕೊಂಡು ಕೂತಿದ್ದೆ.

"ಮಾವ, ಅಲ್ಲಿಗೆ ಹೋದ್ರೆ ಕ್ಯಾಪ್ಟನ್ ಆಗೋಷ್ಟರಲ್ಲಿ ನಂಗೆ ಐವತ್ತೊಂದು."

"ಇಲ್ಲೇ ಇದ್ರೆ?"

"ಮುಂದಿನ ವರ್ಷವೇ ಆಗಬಹುದು. ಆಗದೇನೂ ಇರಬಹುದು."

ಇರುವುದಕ್ಕೆ ಭಯವೇನು ಎಂದು ಕೇಳಿದೆ. ಸಣ್ಣ ಕಂಪನಿಗಳು ಇವತ್ತು ಇದ್ದು ನಾಳೆ ಬಾಗಿಲು ಹಾಕಿದ್ದುಂಟು ಎಂದಳು. ಇನ್ನೇನು ಎಂದೆ. "ಅಪ್ಪ" ಎಂದಳು.

ಅವಳ ಜೊತೆ ವಿಮಾನ ಕಲಿತವನೊಬ್ಬ ದೊಡ್ಡ ಕಂಪನಿಯಲ್ಲಿ ಏಳು ವರ್ಷದಿಂದ ಇದ್ದ. ಬಾಗಿಲು ಕಂಡಲ್ಲೆಲ್ಲ ತಲೆ ಬಗ್ಗಿಸಬೇಕಾದ ಆಳು. ಉದ್ದಣ್ಣ ಎಂದೇ ಹೆಸರು. ಏರ್‌ಪೋರ್ಟಿನ ಸಿಬ್ಬಂದಿ ಕ್ಯಾಂಟೀನಿನಲ್ಲಿ ಅವನನ್ನು ಹಿಡಿದು ಕೂರಿಸಿ, ಇದ್ದದ್ದು ಇದ್ದಹಾಗೆ ಹೇಳು ಎಂದಳು.

"ನಾನಲ್ಲಿ ಸುಖವಾಗಿದ್ದೀನಿ ಟೀಚರ್, ಸುಳ್ಯಾಕೆ ಹೇಳ್ಲಿ?" ಎಂದ ಉದ್ದಣ್ಣ. "ಹದಿನಾಲ್ಕು ಗಂಟೆ ಹಾರಾಟ ಅಂದ್ರೆ ಅದರಲ್ಲಿ ಐದು ಗಂಟೆ ಹಿಂದಿನ ಹಾಸಿಗೇಲಿ ನಿದ್ದೆ. ಒಳ್ಳೊಳ್ಳೆ ಊರು ನೋಡ್ತೀನಿ. ಆದ್ರೆ ಹೋದ ತಿಂಗಳು ನನ್ನ ಕೈಯಾರೆ ವಿಮಾನ ಇಳಿಸಿದ್ದು ಒಂದೇ ಒಂದು ಸಲ."

"ಬೇಜಾರಾಗಲ್ವಾ?"

"ನಂಗಾಗಲ್ಲ. ನಿಂಗಾಗುತ್ತೆ."

ಅವಳು ನೇರವಾಗಿ ತನ್ನ ಕಂಪನಿಯ ಮುಖ್ಯ ಪೈಲಟ್ ಹತ್ತಿರ ಹೋದಳು. ಕ್ಯಾಪ್ಟನ್ ತರಬೇತಿ ಯಾವಾಗ, ತನಗೆ ಜಾಗ ಇದೆಯೇ ಎಂದು ಕೇಳಿದಳು. ಅವರು ಸಕ್ಕರೆ ಮಾತಾಡಲಿಲ್ಲ. ಮೂರು ಜಾಗ, ಏಳು ಜನ. ಪರೀಕ್ಷೆ ಬರೆಯಿರಿ, ಗೆದ್ದರೆ ನಿಮ್ಮದು, ಮಾತು ಕೊಡಲಾರೆ ಎಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೇ ಫೋನಿನಲ್ಲೇ ದೊಡ್ಡ ಕಂಪನಿಗೆ ಉತ್ತರ ಬರೆದು ಕಳಿಸಿದಳು: ಕರೆದದ್ದಕ್ಕೆ ವಂದನೆ, ನಾನು ಬರುವುದಿಲ್ಲ.

ಭಾವನಿಗೆ ಇದು ಕೈಗೆ ಬಂದ ತುತ್ತನ್ನು ಮಗಳು ಮಣ್ಣಿಗೆ ಹಾಕಿದಂತೆ ಕಂಡಿತು. ಬೀದಿಗೆಲ್ಲ ಸಾರಿ ಬಂದವರು ಈಗ ಯಾವ ಮುಖ ಹೊತ್ತು ಓಡಾಡುವುದು? ಜಗಳವಾಡಲಿಲ್ಲ. ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟರು. ಏನಿದ್ದರೂ ಒಂದನೇ ಕ್ಲಾಸಿನ ಮೊಮ್ಮಗಳ ಮೂಲಕ. "ನಿಮ್ಮಮ್ಮನಿಗೆ ಹೇಳು, ಗೇಟು ಹಾಕ್ಕೊಂಡು ಹೋಗ್ಲಿ ಅಂತ." ಅಮ್ಮ ಎರಡು ಅಡಿ ದೂರದಲ್ಲೇ ನಿಂತಿರುತ್ತಿದ್ದಳು. ಮಗು ನಿಷ್ಠೆಯಿಂದ ತಿರುಗಿ ಅದನ್ನೇ ಒಪ್ಪಿಸುತ್ತಿತ್ತು. ನಮ್ಮಕ್ಕ ನಗು ತಡೆಯಲಾಗದೆ ಅಡುಗೆಮನೆ ಸೇರುತ್ತಿದ್ದಳು.

ಪರೀಕ್ಷೆಯಲ್ಲಿ ಏಳು ಜನರಲ್ಲಿ ಇವಳು ಎರಡನೆಯವಳಾದಳು. ಮುಂದಿನದು ಸಿಮ್ಯುಲೇಟರ್. ಅದೊಂದು ಕೋಣೆಯಷ್ಟು ದೊಡ್ಡ ಪೆಟ್ಟಿಗೆ, ಒಳಗೆ ಥೇಟು ವಿಮಾನದ ಮುಂಭಾಗ, ಕಿಟಕಿಯಲ್ಲಿ ನಕಲಿ ಆಕಾಶ. ಒಳಗೆ ಕೂತವರಿಗೆ ಬೇಕಾದ ಕಷ್ಟವನ್ನೆಲ್ಲ ಅವರ ಹಿಂದೆ ಕೂತ ತರಬೇತುದಾರರು ಬಟನ್ ಒತ್ತಿ ಕೊಡಬಹುದು. ಮೊದಲ ದಿನವೇ ಎಂಜಿನ್ನಿಗೆ ಬೆಂಕಿ ಎಂಬ ಗಂಟೆ ಹೊಡೆಯಿತು. ಅವಳ ಕೈ ಸರಿಯಾಗಿಯೇ ಕೆಲಸ ಮಾಡಿತು. ಆದರೆ ಪ್ರತಿ ಹೆಜ್ಜೆಗೂ ಅವಳು ಬಲಗಡೆ ಕೂತವರ ಮುಖ ನೋಡುತ್ತಿದ್ದಳು, ಹೂಂ ಎನ್ನಲಿ ಎಂದು. ಏಳು ವರ್ಷ ಇನ್ನೊಬ್ಬರ ಒಪ್ಪಿಗೆಗೆ ಕಾದ ಅಭ್ಯಾಸ.

ಗಂಟೆ ನಿಲ್ಲಿಸಿ ತರಬೇತುದಾರರು ಕೇಳಿದರು: "ಟೀಚರ್, ನೀವು ಕ್ಲಾಸಲ್ಲಿ ಲೆಕ್ಕ ಬಿಡಿಸೋಕೆ ಮುಂಚೆ ಮಕ್ಕಳ ಹತ್ರ ಪರ್ಮಿಷನ್ ಕೇಳ್ತಿದ್ರಾ?"

ಅವತ್ತು ಫೇಲ್ ಎಂದೇ ಬರೆದರು. ಇನ್ನೊಂದು ಅವಕಾಶ ಹತ್ತು ದಿನದ ನಂತರ. ಅದರಲ್ಲೂ ಎಡವಿದರೆ ಮತ್ತೆ ಬಲಗಡೆಯ ಸೀಟೇ ಗತಿ.

ಆ ಹತ್ತು ದಿನ ಅವಳ ಮನೆಯ ಊಟದ ಕೋಣೆಯೇ ವಿಮಾನವಾಯಿತು. ಗೋಡೆಯ ಮುಂದೆ ಎರಡು ಕುರ್ಚಿ. ಎಡಗಡೆ ಇವಳು, ಬಲಗಡೆ ಗಂಡ. ಗೋಡೆಗೆ ಅಂಟಿಸಿದ ರಟ್ಟಿನ ಮೇಲೆ ಗುಂಡಿಗಳ ಚಿತ್ರ. ಅವನು, ಊಟಕ್ಕೆ ಮುಂಚೆ ಒಂದು, ಊಟದ ನಂತರ ಒಂದು ಎನ್ನುವ ಅದೇ ರಾಗದಲ್ಲಿ ಪಟ್ಟಿ ಓದುವನು. ಇವಳು ಅಪ್ಪಣೆ ಕೊಡುವಳು. ತಪ್ಪಿ ಅವನ ಕಡೆ ತಿರುಗಿದರೆ ಅವನು ಕಣ್ಣು ಮುಚ್ಚಿಕೊಂಡುಬಿಡುವನು. ಭಾವ ದಿನಾ ಹಾಲ್‌ನಲ್ಲಿ ಪೇಪರ್ ಅಡ್ಡ ಹಿಡಿದು ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಎಂಟನೆಯ ದಿನ ಪೇಪರ್ ಮಡಚಿ ಬಾಗಿಲಲ್ಲಿ ಬಂದು ನಿಂತರು. ಮಗಳ ಜೊತೆ ಮಾತು ಬಿಟ್ಟು ಆಗಲೇ ಎರಡೂವರೆ ತಿಂಗಳು.

"ಆ ಬೆಂಕಿ ಗಂಟೆ ಹೊಡೆದ ತಕ್ಷಣ ಮೊದಲು ಏನು ಮಾಡಬೇಕು?"

"ಗಂಟೆಗೆ ಏನೂ ಮಾಡಬಾರದಪ್ಪ. ಮೊದಲು ವಿಮಾನ ನೆಟ್ಟಗೆ ಹಾರಿಸಬೇಕು. ಗಂಟೆ ವಿಷಯ ಆಮೇಲೆ."

ಭಾವ ತಲೆದೂಗಿದರು. "ಬಸ್ಸಲ್ಲೂ ಹಾಗೇನೇ" ಎಂದು ಹೇಳಿ ಹೋಗಿ ಮಲಗಿದರು. ಅವತ್ತಿನಿಂದ ಮೊಮ್ಮಗಳಿಗೆ ಮಾತು ಮುಟ್ಟಿಸುವ ಕೆಲಸ ತಪ್ಪಿತು.

ಎರಡನೆಯ ಸಲ ಸಿಮ್ಯುಲೇಟರಿನಲ್ಲಿ ಗಂಟೆ ಹೊಡೆದಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ. ಪಾಸಾದಳು.

ಉಳಿದದ್ದು ಕೊನೆಯ ಪರೀಕ್ಷೆ, ನಿಜವಾದ ವಿಮಾನದಲ್ಲಿ, ನಿಜವಾದ ಪ್ರಯಾಣಿಕರ ಜೊತೆ. ಇವಳು ಎಡಗಡೆ, ಹಿರಿಯ ಪರೀಕ್ಷಕರೊಬ್ಬರು ಬಲಗಡೆ, ಸಹಾಯಕ ಪೈಲಟ್‌ನ ಕೆಲಸ ಮಾಡುತ್ತ. ಅವತ್ತು ನಾಲ್ಕು ಹಾರಾಟ, ಪರೀಕ್ಷೆ ಮೊದಲ ಮೂರಕ್ಕೆ. ಮೊದಲೆರಡು ಹೂ ಎತ್ತಿದಂತೆ ಆದವು. ಮೂರನೆಯದು ಗುಡ್ಡಗಳ ನಡುವಿನ ಒಂದು ಊರಿಗೆ. ರನ್‌ವೇ ಚಿಕ್ಕದು. ಮಧ್ಯಾಹ್ನ ಎರಡು ಗಂಟೆ, ಪಕ್ಕದಿಂದ ಗಾಳಿ ಬೀಸುತ್ತಿತ್ತು. ಅಡ್ಡಗಾಳಿ ಒಂದು ಮಿತಿ ದಾಟಿದರೆ ಇಳಿಸಬಾರದು. ಮಿತಿಯ ಅಂಚಿನಲ್ಲಿದ್ದರೆ ತೀರ್ಮಾನ ಕ್ಯಾಪ್ಟನ್ನದು.

ಗಾಳಿ ಅಂಚಿನಲ್ಲೇ ಇತ್ತು. ಇಳಿಯುತ್ತ ಬಂದಳು. ನೆಲ ಇನ್ನೇನು ಸಿಗಬೇಕು ಎನ್ನುವಾಗ ಗಾಳಿ ಒಮ್ಮೆಲೇ ವಿಮಾನವನ್ನು ಪಕ್ಕಕ್ಕೆ ತಳ್ಳಿತು. ಅವಳು ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು ಮತ್ತೆ ಮೇಲೆತ್ತಿದಳು. ಹಿಂದಿನಿಂದ ಜನ ಗಾಬರಿಯಾಗಿ ಕೂಗಿದ್ದು ಬಾಗಿಲಾಚೆಯಿಂದ ಕೇಳಿಸಿತು. ಒಂದು ಸುತ್ತು ಹಾಕುವಷ್ಟರಲ್ಲಿ ಪರೀಕ್ಷಕರು, ಊಟ ಆಯ್ತಾ ಎಂದು ಕೇಳುವಷ್ಟೇ ಸಹಜವಾಗಿ, "ಗಾಳಿ ಸ್ವಲ್ಪ ಇಳಿದ ಹಾಗಿದೆ. ಇನ್ನೊಂದು ಸಲ ನೋಡೋಣ್ವಾ?" ಎಂದರು.

ನೋಡಬಹುದಿತ್ತು, ನಿಯಮದಲ್ಲಿ ಅಡ್ಡಿಯಿರಲಿಲ್ಲ. ಇಂಧನದ ಮುಳ್ಳು ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇನ್ನೊಂದು ಪ್ರಯತ್ನವೂ ಕೈಕೊಟ್ಟರೆ ಪಕ್ಕದ ಏರ್‌ಪೋರ್ಟ್ ತಲುಪುವಷ್ಟು, ಅದರ ಮೇಲೆ ನಿಯಮದ ಕನಿಷ್ಠ ಮೀಸಲು, ಇಷ್ಟೇ ಉಳಿಯುತ್ತದೆ. ಅಲ್ಲೇನಾದರೂ ತಡವಾದರೆ ಆ ಮೀಸಲಿಗೇ ಕೈ ಹಾಕಬೇಕು.

"ಬೇಡ ಸರ್. ಪಕ್ಕದ ಏರ್‌ಪೋರ್ಟಿಗೆ ಹೋಗ್ತಿದ್ದೀವಿ. ಕಂಟ್ರೋಲಿಗೆ ತಿಳಿಸಿ."

ತನ್ನನ್ನು ಪಾಸು ಮಾಡಬೇಕಾದವರಿಗೇ ಅಪ್ಪಣೆ ಕೊಟ್ಟಿದ್ದಳು. ಅವರು ಮರುಮಾತಿಲ್ಲದೆ ರೇಡಿಯೋದಲ್ಲಿ ತಿಳಿಸಿದರು.

ಪಕ್ಕದ ಏರ್‌ಪೋರ್ಟಿನಲ್ಲಿ ವಿಮಾನ ನಿಂತಾಗ ನೂರೆಪ್ಪತ್ತು ಜನ ಹೋಗಬೇಕಾದ ಊರು ಬಿಟ್ಟು ಬೇರೆ ಊರಲ್ಲಿದ್ದರು. ಗಗನಸಖಿಯರನ್ನು ಮುಂದೆ ಬಿಟ್ಟು ತಾನು ಬಾಗಿಲು ಹಾಕಿಕೊಂಡು ಕೂರಬಹುದಿತ್ತು. ಅವಳು ಎದ್ದು ಬಂದು ಸೀಟುಗಳ ನಡುವೆ ನಿಂತಳು. ಟೈ ಕಟ್ಟಿದ್ದ ಒಬ್ಬರು, ಇದಕ್ಕೇ ಅಗ್ಗದ ವಿಮಾನ ಹತ್ತಬಾರದು ಅನ್ನೋದು, ದೊಡ್ಡ ಕಂಪನಿಯ ಪೈಲಟ್ ಆಗಿದ್ದರೆ ಇಳಿಸುತ್ತಿದ್ದ ಎಂದರು.

"ಅವರು ಇಳಿಸ್ತಿದ್ರೋ ಇಲ್ವೋ ನಂಗೊತ್ತಿಲ್ಲ ಸರ್. ನಾನು ಇಳಿಸಲ್ಲ. ಗಾಳಿ ನಿಲ್ಲೋವರೆಗೂ ನಿಮ್ಮ ಜೊತೆ ನಾನೂ ಇಲ್ಲೇ ಇರ್ತೀನಿ" ಎಂದಳು.

ಆಮೇಲೆ ಸೀಟಿನ ಜೇಬಿನಲ್ಲಿದ್ದ ವಾಂತಿಯ ಚೀಲವೊಂದನ್ನು ತೆಗೆದು ಅದರ ಮೇಲೆ ರನ್‌ವೇ ಬರೆದು, ಗಾಳಿಯ ಬಾಣ ಎಳೆದು, ವಿಮಾನ ಯಾಕೆ ಪಕ್ಕಕ್ಕೆ ಸರಿಯಿತು ಎಂದು ವಿವರಿಸಿದಳು. ಹಿಂದಿನ ಸಾಲಿನವರು ಎದ್ದು ನಿಂತು ಇಣುಕಿದರು. ಕೊನೆಗೆ ಅಭ್ಯಾಸಬಲದಿಂದ "ಅರ್ಥ ಆಯ್ತಾ?" ಎಂದದ್ದಕ್ಕೆ ಅರ್ಧ ವಿಮಾನ ತಲೆಯಾಡಿಸಿತು. ಟೈ ಕಟ್ಟಿದವರು ಚೀಲವನ್ನು ಕೇಳಿ ತೆಗೆದುಕೊಂಡು ಎರಡು ಪ್ರಶ್ನೆ ಕೇಳಿದರು. ಎರಡೂ ಒಳ್ಳೆಯ ಪ್ರಶ್ನೆ ಎಂದು ಅವಳೇ ನನಗೆ ಹೇಳಿದಳು.

ಒಂದೂವರೆ ಗಂಟೆಯ ನಂತರ ಗಾಳಿ ಬಿತ್ತು. ಇಂಧನ ತುಂಬಿಸಿಕೊಂಡು ಹಾರಿದರು. ಗುಡ್ಡದೂರಿನ ಆ ಚಿಕ್ಕ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದಾಗ ಹಿಂದಿನಿಂದ ಚಪ್ಪಾಳೆ ಕೇಳಿಬಂತು. ಜನ ಇಳಿದುಹೋದ ಮೇಲೆ ಪರೀಕ್ಷಕರು ಫೈಲು ತೆಗೆದು ಸಹಿ ಹಾಕಿದರು.

"ಇನ್ನೊಂದು ಸಲ ಪ್ರಯತ್ನಪಟ್ಟಿದ್ರೆ ನಿಮ್ಮನ್ನ ಫೇಲ್ ಮಾಡ್ತಿರಲಿಲ್ಲ. ಆದ್ರೆ ಇಷ್ಟು ಖುಷಿಯಿಂದ ಪಾಸೂ ಮಾಡ್ತಿರಲಿಲ್ಲ" ಎಂದರು. ಫೈಲು ಮುಚ್ಚಿದರು. "ನಡೀರಿ ಕ್ಯಾಪ್ಟನ್, ಇನ್ನೊಂದು ಹಾರಾಟ ಬಾಕಿ ಇದೆ."

ಆ ಪದ ಕಿವಿಗೆ ಬಿದ್ದಾಗ ಏನೆನ್ನಿಸಿತು ಎಂದು ಕೇಳಿದೆ. ಕಣ್ಣು ತುಂಬಿತಂತೆ, ಆದರೆ ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲವಂತೆ. ಅರ್ಧ ಗಂಟೆಯಲ್ಲಿ ಮತ್ತೆ ಹಾರಬೇಕಿತ್ತಲ್ಲ.

ಭುಜದ ಮೇಲೆ ಕ್ಯಾಪ್ಟನ್ನರ ನಾಲ್ಕನೆಯ ಪಟ್ಟಿ ಬಂದ ವಾರ ಭಾವನೂ ನಾನೂ ಅವಳ ವಿಮಾನದಲ್ಲಿ ಹೋದೆವು. ಮಳೆ ಬಂದು ನಿಂತಿತ್ತು. ಇಳಿಯುವಾಗ ವಿಮಾನ ತುಸು ಜೋರಾಗಿಯೇ ನೆಲ ಮುಟ್ಟಿತು. ಕಿಟಕಿ ಪಕ್ಕದವರು ಏನೋ ಗೊಣಗಿದರು. ಭಾವ ಬೆಲ್ಟು ಬಿಚ್ಚದೆಯೇ ಅವರ ಕಡೆ ತಿರುಗಿ, ನೆಲ ಒದ್ದೆಯಿದ್ದಾಗ ಚಕ್ರ ಒತ್ತಿಯೇ ಊರಬೇಕು, ಮೆತ್ತಗೆ ಇಳಿಸಿದರೆ ಜಾರುತ್ತದೆ, ಇದು ಕೈ ಪಳಗಿದವರ ಕೆಲಸ ಎಂದು ವಿಮಾನ ನಿಲ್ಲುವವರೆಗೂ ಪಾಠ ಮಾಡಿದರು. ಕ್ಯಾಪ್ಟನ್ ತಮ್ಮ ಮಗಳು ಎಂದು ಮಾತ್ರ ಹೇಳಲಿಲ್ಲ. ಯಾಕೆಂದು ಕೇಳಿದ್ದಕ್ಕೆ, ಹೇಳಿದರೆ ಮಗಳ ಪರ ವಹಿಸಿದೆ ಅಂದುಕೊಳ್ಳುತ್ತಾರೆ ಎಂದರು.

ಬಾಗಿಲಲ್ಲಿ ಅವಳು ನಿಂತು ಇಳಿಯುವವರಿಗೆ ನಮಸ್ಕಾರ ಹೇಳುತ್ತಿದ್ದಳು. ಭಾವ ಸರದಿಯಲ್ಲಿ ಬಂದು, ಶರ್ಟು ಸರಿಮಾಡಿಕೊಂಡು, ಕೈ ಚಾಚಿದರು. "ಥ್ಯಾಂಕ್ಯೂ ಕ್ಯಾಪ್ಟನ್" ಎಂದರು. ಕೈ ಬಿಡಲು ಮಾತ್ರ ಸ್ವಲ್ಪ ಹೊತ್ತು ಮರೆತರು. ಆಮೇಲೆ ಎದೆ ಸೆಟೆಸಿ, ಹಿಂದೆ ನೋಡದೆ, ಒಂದೊಂದೇ ಮೆಟ್ಟಿಲು ಇಳಿದು ಬಸ್ಸಿನವರೆಗೂ ನಡೆದುಹೋದರು.

ಭಾವನ ಬ್ಯಾಗು ಸೀಟಿನ ಮೇಲೆಯೇ ಉಳಿದಿತ್ತು. ನಾನು ಹೋಗಿ ತಂದೆ.